ಮೈಕ್ ಆಮೇಲೆ, ಮೊದಲು ರಗ್ಗು: ಮನೆಯಲ್ಲೇ ಆಡಿಯೋ ಪುಸ್ತಕ ರೆಕಾರ್ಡ್ ಮಾಡುವವರಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಶಿಡ್ಲಘಟ್ಟದಿಂದ ಮಾತಾಡ್ತಾ ಇದ್ದೀನಿ. ಈ ಸಲ ಅತಿಥಿ ಯಾರೂ ಇಲ್ಲ, ಸಂದರ್ಶನವೂ ಇಲ್ಲ. ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕೇಳ್ತಾ ಇದ್ದೀರ: "ನಮಗೂ ಒಂದು ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡೋ ಆಸೆ ಇದೆ. ದುಡ್ಡಿಗಲ್ಲ, ಸುಮ್ಮನೆ ಸೇವೆ ಅಂತ. ಯಾವ ಮೈಕ್ ತಗೊಳ್ಳೋದು?" ಒಂದೇ ಸಾಲಿನ ಉತ್ತರ ಇದೆ: ಮೈಕ್ ಆಮೇಲೆ ತಗೊಳ್ಳಿ. ಆದರೆ ಈ ಒಂದು ಸಾಲು ಕಲಿಯೋಕೆ ನಾನು ಏಳು ಗಂಟೆಯ ರೆಕಾರ್ಡಿಂಗ್ ಅಳಿಸಿಹಾಕಬೇಕಾಯ್ತು. ಹಾಗಾಗಿ ಪೂರ್ತಿ ಕಥೆ ಹೇಳ್ತೀನಿ.

ಮೊದಲೇ ಒಂದು ಮಾತು. ನಾನು ಓದಿದ್ದು ಬಿ.ಕಾಂ, ಸೌಂಡ್ ಎಂಜಿನಿಯರಿಂಗ್ ಅಲ್ಲ. ಡೆಬಿಟ್ಟು ಕ್ರೆಡಿಟ್ಟು ಗೊತ್ತಿತ್ತು, ಡೆಸಿಬೆಲ್ ಗೊತ್ತಿರಲಿಲ್ಲ. ಹಾಗಾಗಿ ಇಲ್ಲಿ ಹೇಳೋದೆಲ್ಲ ನಿಮ್ಮ ಮನೆಯಲ್ಲಿ ನೀವೇ ಪರೀಕ್ಷೆ ಮಾಡಿ ನೋಡಬಹುದಾದ ವಿಷಯಗಳು.

ಮೇಷ್ಟ್ರಿಗೆ ಬಂದ ತಲೆನೋವು

ನನಗೆ ಕನ್ನಡ ಪಾಠ ಮಾಡಿದ ಮೇಷ್ಟ್ರು ಒಬ್ಬರು ಚಿಂತಾಮಣಿಯಲ್ಲಿದ್ದಾರೆ. ನಿವೃತ್ತಿ ಆಗಿ ಬಹಳ ವರ್ಷ ಆಯ್ತು. ಗ್ಲಾಕೋಮಾದಿಂದ ನಿಧಾನವಾಗಿ ಎರಡೂ ಕಣ್ಣಿನ ದೃಷ್ಟಿ ಹೋಯ್ತು. ಮನೆ ತುಂಬಾ ಪುಸ್ತಕ, ಆದರೆ ಓದೋದು ನಿಂತು ನಾಲ್ಕು ವರ್ಷ. ಒಮ್ಮೆ ನೋಡೋಕೆ ಹೋದಾಗ, ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಕಾದಂಬರಿಯನ್ನ ಮತ್ತೆ ಒಂದು ಸಲ ಕೇಳಬೇಕು ಅಂದರು. 1915ರ ಪುಸ್ತಕ. ನಾನು ಜೋರಾಗಿ, "ನಾನೇ ಓದಿ ಕೊಡ್ತೀನಿ ಸಾರ್" ಅಂದುಬಿಟ್ಟೆ.

ಆಗ ನನ್ನ ಹತ್ತಿರ 6,500 ರೂಪಾಯಿ ಕೊಟ್ಟು ತಂದಿದ್ದ ಯುಎಸ್‌ಬಿ ಕಂಡೆನ್ಸರ್ ಮೈಕ್ ಇತ್ತು. ದಿನಾ ಸಂಜೆ ಕೂತು, ಎರಡು ತಿಂಗಳಲ್ಲಿ ಏಳು ಗಂಟೆ ರೆಕಾರ್ಡ್ ಮಾಡಿ, ಪೆನ್ ಡ್ರೈವ್‌ಗೆ ಹಾಕಿ ಕೊಟ್ಟು ಬಂದೆ. ಮೂರನೇ ದಿನ ಫೋನ್ ಬಂತು.

"ಓದಿದ್ದು ಚೆನ್ನಾಗಿದೆ ಕಣಪ್ಪ. ಆದ್ರೆ ಯಾವ ಮಿಲ್ಲಿನಲ್ಲಿ ಕೂತು ಓದಿದೆ?"

"ಮಿಲ್ಲಾ? ಮನೇಲೇ ಸಾರ್, ನನ್ನ ರೂಮಲ್ಲಿ."

"ಗುಂಯ್ ಅಂತ ಒಂದೇ ಸಮನೆ ಬರ್ತಾ ಇದೆ. ನೀನು ಮಾತಾಡುವಾಗ ಸ್ವಲ್ಪ ಮರೆಯಾಗುತ್ತೆ, ನಿಲ್ಲಿಸಿದ ತಕ್ಷಣ ಮುಂದೆ ಬರುತ್ತೆ. ಎರಡನೇ ಅಧ್ಯಾಯಕ್ಕೆ ತಲೆನೋವು ಬಂತು. ಬೇಜಾರು ಮಾಡ್ಕೋಬೇಡ, ನಿಲ್ಲಿಸಿಬಿಟ್ಟೆ."

ನನ್ನ ಫೋನ್‌ನಲ್ಲಿ ಮತ್ತೆ ಹಾಕಿ ಕೇಳಿದೆ. ಏನೂ ಇಲ್ಲ, ಸ್ವಚ್ಛವಾಗಿದೆ. ಅನುಮಾನ ತೀರದೆ ಬಸ್ ಹತ್ತಿ ಚಿಂತಾಮಣಿಗೆ ಹೋದೆ. ಮೇಷ್ಟ್ರ ಮನೆಯಲ್ಲಿ ಹಳೇ ಮರದ ಡಬ್ಬದ ಸ್ಪೀಕರ್ ಇದೆ. ಅದರಲ್ಲಿ ಹಾಕಿದ ತಕ್ಷಣ ನನಗೂ ಕೇಳಿಸಿತು. ಗುಂಯ್... ಥೇಟ್ ಮಿಲ್ಲು.

ಕಾರಣ ಸರಳ. ಫೋನಿನ ಸ್ಪೀಕರ್ ತುಂಬಾ ಚಿಕ್ಕದು, ಅದು ದಪ್ಪ ಶಬ್ದಗಳನ್ನ ಹೊರಡಿಸೋದೇ ಇಲ್ಲ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಮೋಟರು, ಟ್ರಾನ್ಸ್‌ಫಾರ್ಮರ್, ಫ್ಯಾನು ಇವೆಲ್ಲ 50, 100, 150 ಹರ್ಟ್ಸ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತವೆ. ಫೋನಿನಲ್ಲಿ ಅದು ಕೇಳಲ್ಲ, ದೊಡ್ಡ ಸ್ಪೀಕರ್‌ನಲ್ಲಿ, ಒಳ್ಳೆ ಹೆಡ್‌ಫೋನ್‌ನಲ್ಲಿ ಕೇಳುತ್ತೆ. ನಮ್ಮ ಮನೆ ಹಿಂದೆ ರೇಷ್ಮೆ ನೂಲು ತೆಗೆಯೋ ಯೂನಿಟ್ ಇದೆ. ಶಿಡ್ಲಘಟ್ಟದಲ್ಲಿ ಯಾವ ಬೀದಿಗೆ ಹೋದರೂ ಗೂಡು, ಚರಕ, ಮೋಟರು ಇದ್ದದ್ದೇ. ಹುಟ್ಟಿದಾಗಿನಿಂದ ಕೇಳಿ ಕೇಳಿ ಆ ಶಬ್ದ ನನ್ನ ಕಿವಿಗೆ ಬೀಳೋದೇ ನಿಂತುಹೋಗಿತ್ತು. ಮೈಕ್‌ಗೆ ಅಂಥ ಅಭ್ಯಾಸ ಇರಲ್ಲ ನೋಡಿ.

ನಮಗೆ ಕಾಸ್ಟಿಂಗ್‌ನಲ್ಲಿ 'ಸಂಕ್ ಕಾಸ್ಟ್' ಅಂತ ಒಂದು ಪಾಠ ಇತ್ತು. ಆಗಲೇ ಖರ್ಚಾಗಿ ಹೋದ ದುಡ್ಡನ್ನ ಮುಂದಿನ ತೀರ್ಮಾನಕ್ಕೆ ತರಬಾರದು ಅನ್ನೋದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಏಳು ಗಂಟೆಯ ಫೈಲ್ ಅಳಿಸೋವಾಗ ಮಾತ್ರ ಅರ್ಥ ಆಗಿದ್ದು.

ಗೌರಿಬಿದನೂರಿನ ಪಾಠ

ರೆಕಾರ್ಡಿಂಗ್ ಭಾಷೆಯಲ್ಲಿ ಇದಕ್ಕೆ ನಾಯ್ಸ್ ಫ್ಲೋರ್ ಅಂತಾರೆ. ನೀವು ಬಾಯಿ ಮುಚ್ಚಿಕೊಂಡು ಕೂತಾಗ ಮೈಕ್‌ಗೆ ಏನು ಕೇಳುತ್ತೋ ಅದು. ನಿಮ್ಮ ದನಿ ಅದರ ಮೇಲೆ ನಿಲ್ಲಬೇಕು.

ಇದನ್ನ ನಮ್ಮ ಜಿಲ್ಲೆಯವರಿಗೆ ವಿವರಿಸೋದು ಸುಲಭ. ಗೌರಿಬಿದನೂರಿನ ಹತ್ತಿರ ರೇಡಿಯೋ ವೀಕ್ಷಣಾಲಯ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸಿಕೊಂಡು ಬಂದಿವೆ. ಆಕಾಶದಿಂದ ಬರೋ ರೇಡಿಯೋ ಅಲೆಗಳನ್ನ ಅಲ್ಲಿ ಹಿಡಿಯುತ್ತಾರೆ. ಅದೇ ಊರಿನ ಹತ್ತಿರ ಭೂಕಂಪ ಅಳೆಯೋ ಉಪಕರಣಗಳ ಸಾಲೂ ಇದೆ, 1960ರ ದಶಕದ್ದು. ಭೂಮಿಯ ಸಣ್ಣ ನಡುಕ, ದೂರದೇಶದಲ್ಲಿ ನಡೆದ ಅಣುಸ್ಫೋಟದ ಕಂಪನ ಕೂಡ ಅದಕ್ಕೆ ತಿಳಿಯುತ್ತೆ. ಇಂಥ ಕೆಲಸ ಬೆಂಗಳೂರಿನ ನಡುಮಧ್ಯೆ ಕೂತು ಮಾಡೋಕಾಗಲ್ಲ. ಕೇಳಬೇಕಾದ ಶಬ್ದ ಅಷ್ಟು ಸಣ್ಣದು, ನಗರದ ಗದ್ದಲದಲ್ಲಿ ಮುಳುಗಿಹೋಗುತ್ತೆ. ಉಪಕರಣ ಎಷ್ಟೇ ದುಬಾರಿ ಆಗಲಿ, ಮೊದಲು ಗಲಾಟೆ ಇಲ್ಲದ ಜಾಗ ಬೇಕು. ನಮ್ಮ ರೂಮಿಗೂ ಇದೇ ಲೆಕ್ಕ.

ಅಂಕಿ ಬೇಕು ಅನ್ನೋರಿಗೆ ಹೇಳ್ತೀನಿ. ವಾಣಿಜ್ಯ ಆಡಿಯೋ ಪುಸ್ತಕಗಳಲ್ಲಿ ನಾಯ್ಸ್ ಫ್ಲೋರ್ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಅಂತ ಕೇಳುತ್ತಾರೆ. ದನಿಯ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18ರ ಒಳಗೆ. ಇಲ್ಲಿ ಸೊನ್ನೆ ಅಂದರೆ ಕಂಪ್ಯೂಟರ್ ದಾಖಲಿಸಬಹುದಾದ ಅತಿ ಜೋರು ಶಬ್ದ, ಮೈನಸ್ ಹೆಚ್ಚಾದಷ್ಟೂ ಮೆಲ್ಲಗೆ. ಮೈನಸ್ 20 ದನಿಗೂ ಮೈನಸ್ 60 ಗದ್ದಲಕ್ಕೂ 40 ಡೆಸಿಬೆಲ್ ಅಂತರ, ಅಂದರೆ ಅಲೆಯ ಎತ್ತರದಲ್ಲಿ ನೂರು ಪಟ್ಟು. ಸೇವೆಗೆ ಓದುವವರು ಇದನ್ನ ಗುರಿ ಅಂತ ಇಟ್ಟುಕೊಂಡರೆ ಸಾಕು.

ಪರೀಕ್ಷೆ ಹೀಗೆ ಮಾಡಿ. ಓದೋ ಜಾಗದಲ್ಲಿ ಕೂತು, ಏನೂ ಮಾತಾಡದೆ 30 ಸೆಕೆಂಡ್ ರೆಕಾರ್ಡ್ ಮಾಡಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫ್ರಿಜ್ಜು, ಗೋಡೆ ಗಡಿಯಾರ, ಪಕ್ಕದ ಮನೆ ಮೋಟರು, ನಾಯಿ, ರೈಲು ಎಲ್ಲ ಕೇಳುತ್ತೆ. ಒಂದು ಪಟ್ಟಿ ಮಾಡಿಕೊಳ್ಳಿ. ಬೇರೆ ಬೇರೆ ಹೊತ್ತಿನಲ್ಲಿ ಮೂರು ದಿನ ಹೀಗೆ ಮಾಡಿ. ನಿಮ್ಮ ಮನೆ ಯಾವಾಗ ಸುಮ್ಮನಿರುತ್ತೆ ಅಂತ ಗೊತ್ತಾಗುತ್ತೆ. ನಮ್ಮ ಮನೆಗೆ ಅದು ರಾತ್ರಿ ಒಂಬತ್ತೂವರೆಯಿಂದ ಹನ್ನೊಂದು. ಸಂಜೆ ಕೂತಿದ್ದೇ ನನ್ನ ಮೊದಲ ತಪ್ಪು. ಅದನ್ನ ಸರಿ ಮಾಡೋಕೆ ಒಂದು ಪೈಸೆ ಖರ್ಚಾಗಲಿಲ್ಲ.

ಕೋಣೆಗೆ ರಗ್ಗು ಹೊದಿಸಿ

ಹೊರಗಿನ ಶಬ್ದ ಒಂದು ಕಷ್ಟ, ಒಳಗಿನ ಪ್ರತಿಧ್ವನಿ ಇನ್ನೊಂದು. ಎರಡೂ ಬೇರೆ ಬೇರೆ. ನಮ್ಮ ಕಡೆ ಮನೆಗಳು ಆರ್‌ಸಿಸಿ ಸೂರು, ಟೈಲ್ಸ್ ನೆಲ, ಬೋಳು ಗೋಡೆ. ದನಿ ಗೋಡೆಗೆ ಬಡಿದು ವಾಪಸ್ ಬಂದು ಮೈಕ್‌ಗೆ ಸೇರುತ್ತೆ. ಕೇಳೋರಿಗೆ ಬಾವಿಯೊಳಗಿಂದ ಮಾತಾಡಿದ ಹಾಗೆ ಅನ್ನಿಸುತ್ತೆ. ಕೋಣೆ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಪ್ ಅಂತ ಅಲ್ಲೇ ಸತ್ತರೆ ಒಳ್ಳೇ ಕೋಣೆ. ಟಣ್ ಅಂತ ಎಳೆದರೆ ಕೆಲಸ ಇದೆ.

ಪ್ರತಿಧ್ವನಿಗೆ ಮದ್ದು ಮೆತ್ತಗಿರೋ, ದಪ್ಪಗಿರೋ ಬಟ್ಟೆ. ನಾನು ಮಾಡಿರೋದು ಇಷ್ಟು: ಬಟ್ಟೆ ತುಂಬಿರೋ ಬೀರುವಿನ ಬಾಗಿಲು ತೆಗೆದು ಅದರ ಎದುರಿಗೆ ಕೂರ್ತೀನಿ. ಬೆನ್ನ ಹಿಂದೆ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಎರಡು ದಪ್ಪ ರಗ್ಗು ಹೊದಿಸ್ತೀನಿ. ಒಂದು ಪಕ್ಕಕ್ಕೆ ಹತ್ತಿ ಹಾಸಿಗೆ ಗೋಡೆಗೆ ಒರಗಿಸ್ತೀನಿ. ಮೇಜಿನ ಮೇಲೂ ಒಂದು ಟವೆಲ್. ನಮ್ಮಮ್ಮ ಮೊದಲ ದಿನ ನೋಡಿ, "ಏನೋ ಇದು, ಬಾಣಂತಿ ಕೋಣೆ ಥರ ಮಾಡಿದೀಯ" ಅಂದರು. ಮರುದಿನ ಅವರೇ ಇನ್ನೊಂದು ಕಂಬಳಿ ತಂದುಕೊಟ್ಟರು.

ಮೊಟ್ಟೆ ಟ್ರೇ ಅಂಟಿಸೋಕೆ ಹೋಗಬೇಡಿ. ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತೆ, ಕೆಲಸ ಮಾತ್ರ ಏನೂ ಆಗಲ್ಲ. ಅದು ತೆಳ್ಳಗಿನ ಕಾಗದ, ಶಬ್ದ ಹೀರೋ ದಪ್ಪ ಅದಕ್ಕಿಲ್ಲ. ಮತ್ತೆ ಒಂದು ವಿಷಯ ನೆನಪಿಡಿ: ರಗ್ಗು ಪ್ರತಿಧ್ವನಿ ಕಮ್ಮಿ ಮಾಡುತ್ತೆ, ಹೊರಗಿನ ಲಾರಿ ಹಾರ್ನ್ ತಡೆಯಲ್ಲ. ಹೊರಗಿನ ಶಬ್ದ ತಡೆಯೋಕೆ ದಪ್ಪ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಬಾಡಿಗೆ ಮನೆಯಲ್ಲಿ ಅದು ಆಗದ ಮಾತು. ಅದಕ್ಕೇ ಹೊತ್ತು ನೋಡಿಕೊಳ್ಳಿ ಅಂದಿದ್ದು.

ಒಂದು ಗೇಣು

ಈ ಸಂಚಿಕೆಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ತೀನಿ ಅಂದರೆ ಇದನ್ನ ಇಟ್ಟುಕೊಳ್ಳಿ. ಬಾಯಿಗೂ ಮೈಕ್‌ಗೂ ಇರೋ ದೂರ ಅರ್ಧಕ್ಕೆ ಇಳಿದರೆ ನಿಮ್ಮ ದನಿ 6 ಡೆಸಿಬೆಲ್ ಏರುತ್ತೆ, ಅಂದರೆ ಅಲೆ ಎರಡು ಪಟ್ಟು. ಕೋಣೆಯ ಗದ್ದಲ ಎಷ್ಟಿತ್ತೋ ಅಷ್ಟೇ ಇರುತ್ತೆ. ಎರಡು ಗೇಣು ದೂರದಿಂದ ಒಂದು ಗೇಣಿಗೆ ಬಂದರೆ, ದುಡ್ಡಿಲ್ಲದೆ ನಿಮ್ಮ ದನಿ ಗದ್ದಲದಿಂದ ಅಷ್ಟು ಮೇಲಕ್ಕೆ ಬಂತು. ಹೊಸ ಮೈಕ್ ತಂದರೂ ಇಷ್ಟು ಲಾಭ ಸಿಗೋದು ಕಷ್ಟ.

ಒಂದು ಗೇಣು ಸರಿಯಾದ ದೂರ. ಅದಕ್ಕಿಂತ ಹತ್ತಿರ ಹೋದರೆ ಉಸಿರು ಬಡಿಯುತ್ತೆ. ನಮ್ಮ ಭಾಷೆಯಲ್ಲಿ ಪ, ಬ ಜೊತೆಗೆ ಫ, ಭ ಕೂಡ ಇವೆ. 'ಭಾರತ', 'ಭಯ', 'ಫಲ' ಅಂದಾಗ ಬಾಯಿಂದ ಗಾಳಿ ಹೊರಟು ಮೈಕ್‌ಗೆ ಡಬ್ ಅಂತ ಹೊಡೆಯುತ್ತೆ. ಇದಕ್ಕೆ ಪಾಪ್ ಫಿಲ್ಟರ್ ಅಂತ ಮಾರ್ತಾರೆ. ಕಸೂತಿ ಹಾಕೋ ರಿಂಗಿಗೆ ನೈಲಾನ್ ಕಾಲುಚೀಲದ ಬಟ್ಟೆ ಬಿಗಿದರೂ ಅದೇ ಕೆಲಸ ಆಗುತ್ತೆ. ಮೈಕ್‌ನಿಂದ ನಾಲ್ಕು ಬೆರಳು ಮುಂದೆ ಇಡಿ. ಇನ್ನೂ ಸುಲಭದ ದಾರಿ ಇದೆ. ಮೈಕ್ ಅನ್ನ ಬಾಯಿ ಎದುರಿಗೆ ಇಡದೆ, ಸ್ವಲ್ಪ ಪಕ್ಕಕ್ಕೆ ಇಟ್ಟು ಬಾಯಿ ಕಡೆ ತಿರುಗಿಸಿ. ಗಾಳಿ ನೇರ ಹೋಗುತ್ತೆ, ದನಿ ಮಾತ್ರ ಮೈಕ್‌ಗೆ ಬರುತ್ತೆ. ಸ, ಶ, ಷ ಸಿಳ್ಳೆ ಹೊಡೆಯೋದೂ ಕಮ್ಮಿ ಆಗುತ್ತೆ.

ಈಗ ಮೈಕ್

ನಿಮ್ಮ ಕೈಯಲ್ಲಿರೋ ಫೋನಿನಿಂದಲೇ ಶುರು ಮಾಡಿ. ಪುಸ್ತಕಗಳನ್ನ ಜೋಡಿಸಿ ಅದರ ಮೇಲೆ ಫೋನ್ ಇಡಿ, ಒಂದು ಗೇಣು ದೂರ, ಏರೋಪ್ಲೇನ್ ಮೋಡ್ ಹಾಕಿ. ರೆಕಾರ್ಡರ್ ಆಪ್‌ನಲ್ಲಿ ಫೈಲ್ ಮಾದರಿ ವೇವ್ ಅಂತ ಆರಿಸಿಕೊಳ್ಳಿ. ಮೊದಲ ಮೂರು ಅಧ್ಯಾಯ ಹೀಗೇ ಓದಿ. ಈ ಕೆಲಸ ನಿಮಗೆ ಹಿಡಿಸುತ್ತಾ ಇಲ್ವಾ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತೆ. ಬೇಡ ಅನ್ನಿಸಿದರೆ ನಷ್ಟ ಸೊನ್ನೆ.

ಮುಂದಿನ ಹೆಜ್ಜೆ, ವೈರ್ ಇರೋ ಕಾಲರ್ ಮೈಕ್. ನಾನು ತಂದದ್ದು ಸಾವಿರ ರೂಪಾಯಿ ಒಳಗೇ. ಬ್ಲೂಟೂತ್ ಬೇಡ. ಮೈಕ್ ಆಗಿ ಬಳಸುವಾಗ ಬಹಳಷ್ಟು ಬ್ಲೂಟೂತ್ ಹೆಡ್‌ಸೆಟ್‌ಗಳ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತೆ.

ಕಂಪ್ಯೂಟರ್ ಇರೋರು ಯುಎಸ್‌ಬಿ ಮೈಕ್ ತಗೊಳ್ಳಬಹುದು. ಇಲ್ಲಿ ಎರಡು ಜಾತಿ. ಕಂಡೆನ್ಸರ್ ಬಹಳ ಸೂಕ್ಷ್ಮ, ಚೆನ್ನಾಗಿರೋ ಕೋಣೆಯಲ್ಲಿ ಚೆನ್ನಾಗಿರುತ್ತೆ. ಡೈನಮಿಕ್ ಸ್ವಲ್ಪ ಮಂದ, ಹತ್ತಿರ ಬಂದು ಮಾತಾಡಬೇಕು, ಆದರೆ ದೂರದ ಗದ್ದಲ ಅಷ್ಟಾಗಿ ಹಿಡಿಯಲ್ಲ. ನಮ್ಮಂಥ ಪೇಟೆ ಬೀದಿಯ ಮನೆಗೆ ಡೈನಮಿಕ್ ವಾಸಿ. ನಾನು ದುಡ್ಡು ಜಾಸ್ತಿ ಕೊಟ್ಟು, ಹಿಂದಿನ ಬೀದಿಯ ಮೋಟರನ್ನೂ ಕೇಳಿಸಿಕೊಳ್ಳೋ ಮೈಕ್ ತಂದಿದ್ದೆ. ಎಕ್ಸ್‌ಎಲ್‌ಆರ್ ಮೈಕ್, ಇಂಟರ್‌ಫೇಸ್, 48 ವೋಲ್ಟ್ ಫ್ಯಾಂಟಮ್ ಪವರ್ ಇವೆಲ್ಲ ಎರಡು ಪುಸ್ತಕ ಮುಗಿಸಿದ ಮೇಲೆ ಯೋಚನೆ ಮಾಡಿ.

ಇದಕ್ಕಿಂತ ಮುಖ್ಯವಾದ ಖರ್ಚು ಹೆಡ್‌ಫೋನ್. ಕಿವಿ ಪೂರ್ತಿ ಮುಚ್ಚೋ, ವೈರ್ ಇರೋದು. ಅದಿಲ್ಲದೆ ನಿಮ್ಮ ತಪ್ಪು ನಿಮಗೇ ಕೇಳಲ್ಲ. ನನಗೆ ಆದದ್ದು ಅದೇ.

ಕರೆಂಟಿನ ಕಾಟ

ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಮೂಲಕವೇ ಗುಂಯ್ ಬರುತ್ತೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗ ಓದಬೇಡಿ. ಅಗ್ಗದ ಇನ್ವರ್ಟರ್ ಕೊಡೋ ಕರೆಂಟಿನ ಅಲೆ ನುಣುಪಾಗಿರಲ್ಲ, ಫ್ಯಾನು ಕೂಡ ಬೇರೆ ಥರ ಕೂಗುತ್ತೆ. ಯುಪಿಎಸ್ ಬೀಪ್ ಹೊಡೆದರೆ ಆ ಸಾಲು ಮತ್ತೆ ಓದಬೇಕು.

ಫ್ಯಾನ್ ಆಫ್. ಮಾರ್ಚ್, ಏಪ್ರಿಲ್‌ನಲ್ಲಿ ಇದು ತಪಸ್ಸು. ನಾನು 20 ನಿಮಿಷ ಓದಿ, 10 ನಿಮಿಷ ಫ್ಯಾನ್ ಹಾಕಿಕೊಂಡು ಸುಧಾರಿಸಿಕೊಳ್ತೀನಿ. ಬೆವರು ಒರೆಸಿಕೊಂಡು ಓದಿದ ಅಧ್ಯಾಯ ದನಿಯಲ್ಲೇ ಗೊತ್ತಾಗುತ್ತೆ.

ರೆಕಾರ್ಡಿಂಗ್, ಎಡಿಟಿಂಗ್

ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ. 2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಉಚಿತ, ನಮ್ಮ ಕೆಲಸಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಮೋನೋ, 44.1 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಒಬ್ಬರ ದನಿಗೆ ಸ್ಟೀರಿಯೋ ಬೇಕಿಲ್ಲ, ಫೈಲ್ ಎರಡರಷ್ಟಾಗುತ್ತೆ ಅಷ್ಟೇ. 16 ಬಿಟ್ ವೇವ್ ಫೈಲ್ ಗಂಟೆಗೆ ಸುಮಾರು 320 ಎಂಬಿ. ಕೊನೆಗೆ 128 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿ ಆಸುಪಾಸು. ಮೂಲ ವೇವ್ ಫೈಲ್ ಅಳಿಸಬೇಡಿ, ಎರಡು ಕಡೆ ಇಡಿ.

ಓದುವಾಗ ಮೀಟರ್ ನೋಡಿ. ಜೋರು ದನಿ ಮೈನಸ್ 12ರಿಂದ ಮೈನಸ್ 6ರ ಮಧ್ಯೆ ಇರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತೆ, ಒಡೆದದ್ದನ್ನ ಸರಿ ಮಾಡೋದು ಬಹಳ ಕಷ್ಟ. ಮೆಲ್ಲಗಿದ್ದರೆ ಆಮೇಲೆ ಏರಿಸಬಹುದು.

ತಪ್ಪಾದರೆ ನಿಲ್ಲಿಸಬೇಡಿ. ಮೈಕ್ ಹತ್ತಿರ ಒಂದು ಚಪ್ಪಾಳೆ ತಟ್ಟಿ, ವಾಕ್ಯದ ಮೊದಲಿಂದ ಮತ್ತೆ ಓದಿ. ಎಡಿಟ್ ಮಾಡುವಾಗ ಚಪ್ಪಾಳೆ ಇರೋ ಕಡೆ ಅಲೆ ಎದ್ದು ಕಾಣುತ್ತೆ, ಹುಡುಕೋದು ಸುಲಭ. ಅಭ್ಯಾಸ ಆದ ಮೇಲೆ ಆಡಾಸಿಟಿಯ ಪಂಚ್ ಅಂಡ್ ರೋಲ್ ಬಳಸಿ. ತಪ್ಪಾದ ಜಾಗಕ್ಕೆ ಹೋಗಿ ಶಿಫ್ಟ್ ಮತ್ತು ಡಿ ಒತ್ತಿದರೆ, ಹಿಂದಿನ ಕೆಲವು ಸೆಕೆಂಡ್ ಕೇಳಿಸಿ ಅಲ್ಲಿಂದ ಮತ್ತೆ ರೆಕಾರ್ಡ್ ಶುರುವಾಗುತ್ತೆ. ನನ್ನ ಎಡಿಟಿಂಗ್ ಸಮಯ ಅರ್ಧ ಆಯ್ತು.

ಆಮೇಲಿನ ಕ್ರಮ ಇಷ್ಟು. ಮೊದಲು 80 ಹರ್ಟ್ಸ್‌ನಲ್ಲಿ ಹೈ ಪಾಸ್ ಫಿಲ್ಟರ್ ಹಾಕಿ, ಕೆಳಗಿನ ಗುಂಯ್ ಬಹಳಷ್ಟು ಹೋಗುತ್ತೆ. ಎರಡನೆಯದು ನಾಯ್ಸ್ ರಿಡಕ್ಷನ್, ಬೇಕಾದರೆ ಮಾತ್ರ. ಇದಕ್ಕೆ ನಿಶ್ಶಬ್ದದ ಮಾದರಿ ಬೇಕು, ಹಾಗಾಗಿ ಪ್ರತಿ ಸಲ ಓದೋ ಮುಂಚೆ ಐದು ಸೆಕೆಂಡ್ ಸುಮ್ಮನೆ ಕೂತು ರೆಕಾರ್ಡ್ ಮಾಡಿ. 6ರಿಂದ 9 ಡೆಸಿಬೆಲ್ ಸಾಕು. ಆಸೆಪಟ್ಟು ಜಾಸ್ತಿ ಹಾಕಿದರೆ ದನಿ ನೀರೊಳಗಿಂದ ಬಂದ ಹಾಗೆ ಆಗುತ್ತೆ. ನನ್ನ ಏಳು ಗಂಟೆಗೆ ಹೀಗೇ ಮಾಡಿ ನೋಡಿದೆ. ಮಿಲ್ಲು ಹೋಯ್ತು, ಜೊತೆಗೆ ನಾನೂ ಹೋದೆ. ಮೂರನೆಯದು ಲೌಡ್‌ನೆಸ್ ನಾರ್ಮಲೈಸೇಷನ್, ಆರ್‌ಎಂಎಸ್ ಮೈನಸ್ 20ಕ್ಕೆ. ಕೊನೆಗೆ ಲಿಮಿಟರ್, ಮೈನಸ್ 3.5ಕ್ಕೆ. ಎಲ್ಲ ಅಧ್ಯಾಯಕ್ಕೂ ಇದೇ ಕ್ರಮ. ಆಗ ಕೇಳೋರು ಅಧ್ಯಾಯಕ್ಕೊಂದು ಸಲ ವಾಲ್ಯೂಮ್ ತಿರುಗಿಸಬೇಕಾಗಲ್ಲ.

ಫೈಲ್ ಹೆಸರು 01, 02 ಅಂತ ಇಡಿ. ಬರೀ 1, 2 ಅಂತ ಇಟ್ಟರೆ ಎಷ್ಟೋ ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10 ಬರುತ್ತೆ. ಕಣ್ಣು ಕಾಣದವರಿಗೆ ಅದನ್ನ ಸರಿಪಡಿಸಿಕೊಳ್ಳೋದು ಎಷ್ಟು ಹಿಂಸೆ ಯೋಚಿಸಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ಅದು ದನಿಯನ್ನ ಹಿಂಡಿಬಿಡುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಕೇಳೋಕೆ ಸಿದ್ಧವಾದ ಒಂದು ಗಂಟೆಗೆ ನನಗೆ ಮೂರೂವರೆ ಗಂಟೆ ಹಿಡಿಯುತ್ತೆ. ಏಳು ಗಂಟೆಯ ಪುಸ್ತಕ ಅಂದರೆ ಇಪ್ಪತ್ತೈದು ಗಂಟೆಯ ಕೆಲಸ. ಮಾತು ಕೊಡೋ ಮುಂಚೆ ಈ ಗುಣಾಕಾರ ಮಾಡಿ.

ಯಾವ ಪುಸ್ತಕ ಓದಬಹುದು?

ಇಲ್ಲಿ ತುಂಬಾ ಜನ ಎಡವುತ್ತಾರೆ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಪುಸ್ತಕ ಹಳೆಯದಾ ಅನ್ನೋದು ಅಳತೆ ಅಲ್ಲ, ಲೇಖಕರು ಯಾವಾಗ ಹೋದರು ಅನ್ನೋದು ಅಳತೆ. 'ಮಂಕುತಿಮ್ಮನ ಕಗ್ಗ' 1943ರದ್ದು, ಅಷ್ಟು ಹಳೆಯದಾದ್ದರಿಂದ ಎಲ್ಲರದ್ದೂ ಅಂದುಕೊಳ್ಳುತ್ತಾರೆ. ನಮ್ಮ ಪಕ್ಕದ ಮುಳಬಾಗಿಲಿನ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಲೆಕ್ಕ ಹಾಕಿ, 2036ರ ಜನವರಿ 1ಕ್ಕೆ ಮುಕ್ತ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ' ಓದಬೇಕು ಅಂತ ನನಗೆ ತುಂಬಾ ಆಸೆ. ಅವರು ಹೋದದ್ದು 2005ರಲ್ಲಿ. 2065ರ ಕೊನೆಯವರೆಗೆ ಅನುಮತಿ ಬೇಕು.

ಪುಟ್ಟಣ್ಣನವರು ತೀರಿಕೊಂಡದ್ದು 1930ರಲ್ಲಿ, ಹಾಗಾಗಿ ತೊಂದರೆ ಇಲ್ಲ. ಗುಲ್ವಾಡಿ ವೆಂಕಟರಾಯರ 1899ರ 'ಇಂದಿರಾಬಾಯಿ', ಗಳಗನಾಥರ ಕಾದಂಬರಿಗಳು, ಪಂಜೆ ಮಂಗೇಶರಾಯರ ಕಥೆಗಳು, ಕೈಲಾಸಂ ನಾಟಕಗಳು ಎಲ್ಲವೂ ಈಗ ಮುಕ್ತ. ಹೊಸ ಮುದ್ರಣದಲ್ಲಿ ಇವತ್ತಿನವರು ಬರೆದ ಮುನ್ನುಡಿ, ಟಿಪ್ಪಣಿ ಇದ್ದರೆ ಅದನ್ನ ಓದಬೇಡಿ, ಅದರ ಹಕ್ಕು ಬೇರೆ.

ಲಿಬ್ರಿವಾಕ್ಸ್ ಅಂತ ಒಂದು ತಾಣ ಇದೆ, 2005ರಲ್ಲಿ ಶುರುವಾಯ್ತು. ಪ್ರಪಂಚದ ಎಲ್ಲ ಕಡೆಯಿಂದ ಸ್ವಯಂಸೇವಕರು ಹೀಗೇ ಮನೆಯಲ್ಲಿ ಕೂತು ಓದಿ ಹಾಕ್ತಾರೆ. ಅವರಿಗೆ ಅಮೆರಿಕದ ಕಾನೂನು ಲೆಕ್ಕ. ಮೋಟುಮಾತಿನಲ್ಲಿ ಹೇಳೋದಾದರೆ, ಪುಸ್ತಕ ಪ್ರಕಟವಾಗಿ 95 ವರ್ಷ ಕಳೆದಿರಬೇಕು. ಅಲ್ಲಿಗೆ ಕೊಟ್ಟ ದನಿಯೂ ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಒಪ್ಪಿಗೆ ಇದ್ದರೆ ಮಾತ್ರ ಕೊಡಿ.

ದೃಷ್ಟಿ ಇಲ್ಲದವರಿಗೆ ಓದೋದಾದರೆ ಕಾನೂನು ಇನ್ನೂ ಉದಾರ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಅಂಗವಿಕಲರ ಸ್ವಂತ ಓದಿಗೆ, ಶಿಕ್ಷಣಕ್ಕೆ, ಸಂಶೋಧನೆಗೆ, ಲಾಭ ಇಲ್ಲದೆ, ಹಕ್ಕು ಇರೋ ಪುಸ್ತಕವನ್ನೂ ಅವರು ಓದಬಹುದಾದ ರೂಪಕ್ಕೆ ತರಬಹುದು. ಈ ವಿಷಯದ ಮರ್ರಾಕೆಶ್ ಒಪ್ಪಂದವನ್ನ 2014ರಲ್ಲಿ ಮೊದಲು ಅಂಗೀಕರಿಸಿದ ದೇಶ ನಮ್ಮದು. ಆದರೆ ಆ ಫೈಲ್ ಅವರ ಕೈಯಲ್ಲೇ ಇರಬೇಕು, ಯೂಟ್ಯೂಬ್‌ಗೆ ಹಾಕೋ ಹಾಗಿಲ್ಲ. ಸಂಸ್ಥೆಯ ಜೊತೆ ಕೆಲಸ ಮಾಡೋದು ಒಳ್ಳೇದು. ಬೆಂಗಳೂರಿನ ಮಿತ್ರ ಜ್ಯೋತಿಯಲ್ಲಿ ಮಾತಾಡುವ ಪುಸ್ತಕಗಳ ಗ್ರಂಥಾಲಯ ಇದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯವೂ ಇದೆ.

"ಕಂಪ್ಯೂಟರೇ ಕನ್ನಡ ಓದುತ್ತಲ್ಲ, ನಾವ್ಯಾಕೆ?" ಅಂತ ಕೇಳ್ತೀರ. ಓದುತ್ತೆ, ಯೂನಿಕೋಡ್‌ನಲ್ಲಿ ಇದ್ದರೆ. ಹಳೇ ಪುಸ್ತಕಗಳು ಬಹಳಷ್ಟು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಮಾಸಿದ ಅಚ್ಚು, ಒತ್ತಕ್ಷರದ ಮೇಲೆ ಒತ್ತಕ್ಷರ. ಯಂತ್ರ ಅಲ್ಲಿ ತಡವರಿಸುತ್ತೆ. ಕಾದಂಬರಿಯ ಮಾತುಕತೆಯಲ್ಲಿ ಯಾರು ಗದರುತ್ತಿದ್ದಾರೆ, ಯಾರು ಹಾಸ್ಯ ಮಾಡುತ್ತಿದ್ದಾರೆ ಅನ್ನೋದು ಓದುವ ಮನುಷ್ಯನಿಗೆ ತಿಳಿಯುತ್ತೆ.

ಓದುವ ರೀತಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೊಂದು ಕನ್ನಡ. "ನಮ್ಮ ಉಚ್ಚಾರ ಸರಿ ಇರಲ್ಲ" ಅಂತ ಹಿಂಜರಿಯೋರು ತುಂಬಾ ಜನ. ರಾಗ ನಿಮ್ಮದೇ ಇರಲಿ, ತೊಂದರೆ ಇಲ್ಲ. ಆದರೆ ಅರ್ಥ ಬದಲಾಗೋ ಕಡೆ ಎಚ್ಚರ ಇರಲಿ. 'ಹಾಳು' ಮತ್ತು 'ಆಳು', 'ಹಾರು' ಮತ್ತು 'ಆರು' ಒಂದೇ ಅಲ್ಲ. ಬರೆದದ್ದನ್ನ ಕಣ್ಣಲ್ಲಿ ನೋಡೋನಿಗೆ ಅದು ಗೊತ್ತಾಗುತ್ತೆ, ಬರೀ ಕೇಳೋನಿಗೆ ನಿಮ್ಮ ನಾಲಿಗೆಯೇ ಅಕ್ಷರ.

ಅಧ್ಯಾಯವನ್ನ ಮೊದಲು ಒಂದು ಸಲ ಮನಸ್ಸಲ್ಲೇ ಓದಿ, ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ ಗುರುತು ಹಾಕಿ, ಯಾರನ್ನಾದರೂ ಕೇಳಿ. ಪ್ರತಿ ಫೈಲ್ ಶುರುವಿನಲ್ಲಿ ಪುಸ್ತಕ, ಲೇಖಕರು, ಅಧ್ಯಾಯ ಹೇಳಿ. ಪಠ್ಯಪುಸ್ತಕ ಆದರೆ ಪುಟ ಸಂಖ್ಯೆಯೂ ಬೇಕು, ಪರೀಕ್ಷೆ ಬರೆಯೋರಿಗೆ ಅದು ಬಹಳ ಉಪಯೋಗ. ಕೋಷ್ಟಕ ಇದ್ದರೆ ಎಷ್ಟು ಸಾಲು, ಎಷ್ಟು ಕಾಲಂ ಅಂತ ಹೇಳಿ ಆಮೇಲೆ ಓದಿ. ಅಭ್ಯಾಸ ಇರೋ ಕೇಳುಗರು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳ್ತಾರೆ. ಆದ್ದರಿಂದ ನಾಟಕ ಬೇಡ, ಅಕ್ಷರ ನುಂಗದೆ ಸ್ಪಷ್ಟವಾಗಿ ಓದಿದರೆ ಸಾಕು.

ಕೊನೆಗೆ

ಮೇಷ್ಟ್ರ ಪುಸ್ತಕವನ್ನ ಮೊದಲಿಂದ ಮತ್ತೆ ಓದಿದೆ. ರಾತ್ರಿ ಹೊತ್ತು, ರಗ್ಗುಗಳ ಮಧ್ಯೆ, ಸಾವಿರ ರೂಪಾಯಿ ಒಳಗಿನ ಕಾಲರ್ ಮೈಕ್‌ನಲ್ಲಿ. ಆ 6,500ರ ಮೈಕ್ ಬೀರುವಿನಲ್ಲಿ ಕೂತಿತ್ತು. ಈ ಸಲ ಒಂದು ಅಧ್ಯಾಯ ಮುಗಿದ ತಕ್ಷಣ ಕೊಟ್ಟು, ಅವರ ಸ್ಪೀಕರ್‌ನಲ್ಲಿ ಕೇಳಿ, ಸರಿ ಅಂದ ಮೇಲೆ ಮುಂದಕ್ಕೆ ಹೋದೆ. ನೀವೂ ಹಾಗೇ ಮಾಡಿ. ಪುಸ್ತಕ ಪೂರ್ತಿ ಮುಗಿಸಿ ಕೊಡಬೇಡಿ. ಹತ್ತು ನಿಮಿಷದ ತುಣುಕು ಮೊದಲು ಕೊಡಿ, ಕೇಳೋರು ಎಲ್ಲಿ, ಯಾವುದರಲ್ಲಿ ಕೇಳ್ತಾರೋ ಅಲ್ಲೇ ಕೂತು ಕೇಳಿ.

ಪೂರ್ತಿ ಕೇಳಿದ ಮೇಲೆ ಮೇಷ್ಟ್ರು ಫೋನ್ ಮಾಡಿ ಹನ್ನೊಂದು ತಪ್ಪು ಹೇಳಿದರು. ಯಾವ ಅಧ್ಯಾಯ, ಯಾವ ಪದ ಅಂತ ಎಲ್ಲ ನೆನಪಲ್ಲಿ ಇಟ್ಟುಕೊಂಡಿದ್ದರು. ಎಲ್ಲ ಉಚ್ಚಾರದ ತಪ್ಪು. ಮಿಲ್ಲಿನ ಮಾತೇ ಬರಲಿಲ್ಲ. ಆಮೇಲೆ, "ಮುಂದಿಂದು ಯಾವಾಗ ಶುರು ಮಾಡ್ತೀಯ?" ಅಂದರು. 'ಇಂದಿರಾಬಾಯಿ' ಶುರು ಮಾಡಿದೀನಿ. ನಾಲ್ಕನೇ ಅಧ್ಯಾಯದಲ್ಲಿದ್ದೀನಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲೇ ಇರಿ, ನಿಮ್ಮ ಬೀದಿಯಲ್ಲೂ ಓದೋದು ನಿಂತುಹೋದ ಒಬ್ಬರು ಖಂಡಿತ ಇರ್ತಾರೆ. ಇವತ್ತು ರಾತ್ರಿ ಊಟ ಆದ ಮೇಲೆ 30 ಸೆಕೆಂಡ್ ಸುಮ್ಮನೆ ಕೂತು ನಿಮ್ಮ ಮನೆಯನ್ನ ರೆಕಾರ್ಡ್ ಮಾಡಿ ಕೇಳಿ. ಅಲ್ಲಿಂದ ಶುರು.